ತಲೆಯ ಮೇಲಿನ ಮಣ್ಣು

ದೇವದುರ್ಗದ ನಮ್ಮ ಹಳೆಯ ಮನೆಯಲ್ಲಿ ಮಳೆಗಾಲಕ್ಕೆಂದೇ ಮೀಸಲಾದ ಮೂರು ಬೋಗುಣಿಗಳಿವೆ. ಯಾವುದನ್ನು ಎಲ್ಲಿಡಬೇಕೆಂದು ಎಲ್ಲರಿಗೂ ಗೊತ್ತು. ಕರೆಂಟು ಹೋದರೂ ಕತ್ತಲಲ್ಲೇ ಇಟ್ಟು ಬರುತ್ತೇವೆ. ಹೋದ ವರ್ಷ ನಾಲ್ಕನೆಯ ಬೋಗುಣಿ ಬೇಕಾಯಿತು. ರಾಯಚೂರಿನಲ್ಲಿ ನೌಕರಿ ಮಾಡುವ ನನ್ನನ್ನು ಮನೆಯವರು ತಿಳಿವಳಿಕಸ್ಥನೆಂದು ನಂಬಿದ್ದಾರೆ. ಆ ನಂಬಿಕೆ ಉಳಿಸಿಕೊಳ್ಳಲು, 'ತಜ್ಞರನ್ನ ಕರೆಸೋಣ' ಎಂದೆ.

ಮನೆ ನಿಜಾಮನ ಕಾಲದ್ದು. ಎರಡಡಿ ದಪ್ಪದ ಕಲ್ಲು-ಮಣ್ಣಿನ ಗೋಡೆ, ಬೇವಿನ ಕಂಬ, ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಮಣ್ಣಿನ ಮಾಳಿಗೆ. ಹೊರಗೆ ಮೇ ತಿಂಗಳ 42 ಡಿಗ್ರಿ ಬಿಸಿಲು ಕಾಯುತ್ತಿದ್ದರೂ ಪಡಸಾಲೆಯ ಫರಸಿಯ ಮೇಲೆ ಬೆನ್ನು ಹಚ್ಚಿದರೆ ಸಾಕು, ಸಾಲಗಾರನಿಗೂ ನಿದ್ದೆ ಬರುತ್ತದೆ.

ಮೊದಲು ಬಂದವರು ಇಂಜಿನಿಯರ್ ಸಾಹೇಬರು. ಹೊಸ್ತಿಲಲ್ಲೇ ನಿಂತು ಮೊಬೈಲಿನ ಟಾರ್ಚನ್ನು ಒಳಗೆ ಬಿಟ್ಟು, "ಕಾಲಮ್ ಎಲ್ಲಿ ಅದಾವ್ರಿ?" ಎಂದರು. ಕಂಬ ತೋರಿಸಿದೆ. "ಇವು ಕಂಬ ರೀ. ನಾ ಕೇಳಿದ್ದು ಕಾಲಮ್." ನಮ್ಮ ಅಜ್ಜ ಅಷ್ಟು ಇಂಗ್ಲಿಷ್ ಕಲಿತಿರಲಿಲ್ಲ, ಕಂಬಕ್ಕೇ ನಿಲ್ಲಿಸಿಬಿಟ್ಟಿದ್ದ. "ಸಿಮೆಂಟಿಲ್ಲ, ಕಬ್ಬಿಣಿಲ್ಲ, ಇಷ್ಟು ದಿನ ಹ್ಯಾಂಗ ನಿಂತದ ಇದು?" ಎಂದು ಮನೆಯ ಮೇಲೆಯೇ ಅನುಮಾನಪಟ್ಟು, ಕೆಡವುವ ಖರ್ಚನ್ನು ಚೀಟಿಯಲ್ಲಿ ಬರೆದುಕೊಟ್ಟರು. ಅವರನ್ನು ರಾಯಚೂರಿಗೆ ಬಿಡಲು ಹೋದಾಗ ಕೋಟೆ ಕಂಡಿತು. 1294ರಲ್ಲಿ ಗೋರೆ ಗಂಗಯ್ಯ ರೆಡ್ಡಿ ಕಟ್ಟಿಸಿದ್ದು. ಒಳಸುತ್ತಿನ ಗೋಡೆಯ ಕಲ್ಲುಗಳ ನಡುವೆ ಗಾರೆ ಕೂಡ ಇಲ್ಲ. ಕಟ್ಟಿದ ಸುದ್ದಿ ಹೇಳುವ ಶಾಸನದ ಕಲ್ಲೊಂದೇ 41 ಅಡಿಗೂ ಉದ್ದ. ತೋರಿಸಬೇಕೆಂದು ಬಾಯಿ ತೆರೆದೆ. ಅದಕ್ಕೂ ಒಂದು ಚೀಟಿ ಬರೆದಾರೆಂದು ಮುಚ್ಚಿದೆ.

ಆಮೇಲೆ ಬಂದ ಒರಲಿ ಔಷಧದವನಿಗೆ ಮನೆ ತುಂಬ ಒರಲಿಯೇ ಕಂಡಿತು. ವಾಸ್ತುವಿನವರಿಗೆ ಏಣಿ ಈಶಾನ್ಯದಲ್ಲಿ ಕಂಡಿತು. ನಾನು ಏಣಿಯನ್ನು ಎತ್ತಿ ನೈಋತ್ಯಕ್ಕೆ ಒರಗಿಸಿದೆ. ಪರಿಹಾರ ಇಷ್ಟು ಅಗ್ಗವಾದೀತೆಂದು ಅವರು ಅಂದುಕೊಂಡಿರಲಿಲ್ಲ. ಮುಖ ಸಣ್ಣ ಮಾಡಿಕೊಂಡು ಹೋದರು. ಗುತ್ತಿಗೆದಾರನೊಬ್ಬ, "ಒಳಗ ಹೊರಗ ಸಿಮೆಂಟ್ ಗಿಲಾವ ಹೊಡೆದ್ರ ನೂರು ವರ್ಷ ಅಲುಗಂಗಿಲ್ಲ" ಎಂದ. ಈ ಮಾತು ನನಗೆ ಹೊಸದಲ್ಲ. 2006ರಲ್ಲಿ ಇಂಥದೇ ಮಾತು ಕೇಳಿ ಅಡುಗೆಮನೆಯ ಹಿಂಗೋಡೆಗೆ ಸಿಮೆಂಟ್ ಹೊಡೆಸಿದ್ದೆ. ಗೋಡೆ ಬಹಳ ಚಂದ ಕಾಣುತ್ತಿತ್ತು, ಮೂರು ವರ್ಷ. 2009ರ ಸೆಪ್ಟೆಂಬರ್ ಕೊನೆಯಲ್ಲಿ ಹಿಡಿದ ಮಳೆ ಬಿಡಲೇ ಇಲ್ಲ. ನಮ್ಮ ಜಿಲ್ಲೆಯಲ್ಲಿ ಮಣ್ಣಿನ ಮನೆಗಳು ಸಾಲುಸಾಲಾಗಿ ಕುಸಿದ ಮಳೆ ಅದು. ಗಿಲಾವಿನ ಬಿರುಕಿನಿಂದ ಒಳಗಿಳಿದ ನೀರಿಗೆ ಹೊರಬರಲು ದಾರಿಯಿರಲಿಲ್ಲ. ಬೆರಳಿನಿಂದ ಬಡಿದರೆ ಗೋಡೆ ಹಪ್ಪಳದಂತೆ ಡಬಡಬ ಎಂದಿತು. ಮರುದಿನ ಆಳೆತ್ತರದ ಹೆಕ್ಕಳೆ ಕಳಚಿ ಬಿತ್ತು. ಹಿಂದಿನ ಮಣ್ಣು ಅಂಬಲಿಯಾಗಿತ್ತು. ಪಕ್ಕದಲ್ಲೇ ಸುಣ್ಣ ಬಳಿದಿದ್ದ ಮಣ್ಣಿನ ಗೋಡೆ ತೊಯ್ದು ಕಪ್ಪಾಗಿ, ಎಂಟು ದಿನದ ಬಿಸಿಲಿಗೆ ಒಣಗಿ ಏನೂ ಆಗಿಲ್ಲವೆಂಬಂತೆ ನಿಂತಿತ್ತು.

ಇಷ್ಟೂ ತಜ್ಞರಿಗೆ ಚಹಾ ಕೊಟ್ಟವಳು ನಮ್ಮ ಸೋದರತ್ತೆ. ವಯಸ್ಸು ಎಪ್ಪತ್ತೆಂಟು. ಹುಡುಗಿಯಾಗಿದ್ದಾಗ ಬೇಸಿಗೆಯೆಲ್ಲ ಮಾಳಿಗೆಯ ಮೇಲೇ ಮಲಗುತ್ತಿದ್ದಳಂತೆ. "ಒಳಗ ಬಂದು ಮ್ಯಾಲ ನೋಡ್ತಾರ. ಮ್ಯಾಲ ಹೋಗಿ ಒಬ್ರರ ಕೆಳಗ ನೋಡ್ಯಾರೇನ್ ತಮ್ಮಾ?" ಎಂದಳು. ನಿಜ, ಒಬ್ಬರೂ ಏಣಿ ಹತ್ತಿರಲಿಲ್ಲ. ಆಕೆ ಮಾತ್ರ ಪ್ರತಿವರ್ಷ ಮಿರಗದ ಮಳೆಗೆ ಮುಂಚೆ ಹತ್ತಿ, ಹುಲ್ಲು ಕಿತ್ತು, ಹರನಾಳಿಗೆಯಲ್ಲಿ ಕೂತ ಕಸ ತೆಗೆಯುತ್ತಾಳೆ. ಗೋಡೆಯ ಸಂದಿಯಲ್ಲಿ ಅರಳಿಯ ಸಸಿ ಕಂಡರೆ ಮೊದಲು ಕೈಮುಗಿದು, ಆಮೇಲೆ ಬುಡಸಹಿತ ಕೀಳುತ್ತಾಳೆ. ಲಂಡನ್ನಿನಲ್ಲಿ 1877ರಲ್ಲಿ ವಿಲಿಯಂ ಮೋರಿಸ್ ಎಂಬ ಕವಿ ಹಳೆಯ ಕಟ್ಟಡ ಉಳಿಸಲಿಕ್ಕೇ ಒಂದು ಸಂಘ ಕಟ್ಟಿದ. ಹೊಸದಾಗಿ ಕಾಣುವಂತೆ ಮಾಡಬೇಡಿ, ದಿನದಿನದ ಸಣ್ಣ ರಿಪೇರಿ ತಪ್ಪಿಸಬೇಡಿ ಎಂಬುದು ಅವನ ವಾದ. ಆ ಸಂಘದವರು ನೀರು ಹೋಗುವ ದೋಣಿಗಳ ಕಸ ತೆಗೆಯಿರೆಂದು ಜನರಿಗೆ ಈಗಲೂ ಹೇಳುತ್ತಿದ್ದಾರೆ. ಅತ್ತೆಗೆ ಇದನ್ನು ಹೇಳಿದೆ. "ಅದಕ್ಕೂ ಸಂಘ ಬೇಕಾತೇನು?" ಎಂದಳು.

ಕೊನೆಗೆ ಆಕೆಯ ಮಾತಿನಂತೆ ಮಾನ್ವಿ ಕಡೆಯ ಒಬ್ಬ ಮುದುಕ ಗೌಂಡಿಯನ್ನು ಕರೆತಂದೆ. ಅಜ್ಜ ಮಂಡಾಳ ಒಗ್ಗರಣಿ, ಎರಡು ಮಿರ್ಚಿ ತಿಂದು, ಒಂದು ಕೊಡ ನೀರು ಕೇಳಿದ. ಕುಡಿಯಲಿಕ್ಕೆಂದುಕೊಂಡೆ. ಅದನ್ನು ಹೆಗಲ ಮೇಲಿಟ್ಟುಕೊಂಡು ಮಾಳಿಗೆ ಹತ್ತಿದ. ನಡುವೆ ಸುರಿದ. ಬೀಡಿ ಹಚ್ಚಿ ಕುಕ್ಕುರುಗಾಲಲ್ಲಿ ಕೂತ. ನೀರು ಹರನಾಳಿಗೆಯ ಕಡೆ ಒಂದು ಗೇಣು ಹೋಗಿ, ಮನಸ್ಸು ಬದಲಿಸಿ, ಎಡಕ್ಕೆ ಹೊರಳಿ, ನನ್ನ ನಾಲ್ಕನೆಯ ಬೋಗುಣಿಯ ನೇರಕ್ಕೆ ಬಂದು ನಿಂತಿತು. ಅಜ್ಜ ಬೀಡಿ ಮುಗಿಯುವವರೆಗೂ ಮಾತಾಡಲಿಲ್ಲ. ಆಮೇಲೆ ಹಾರೆಯಿಂದ ಒಂದು ಕಡೆ ಅಗೆದ. ಗೇಣಿಗೆ ಸಿಗಬೇಕಾದ ಜಂತಿ ಸಿಗಲಿಲ್ಲ, ಇನ್ನೂ ಅಗೆದ.

"ಸೋರಿದಾಗೆಲ್ಲ ಮಣ್ಣು ಹಾಕೀರಿ. ತೆಗೆದೀರೇನು?"

ಹಾಕಿದ್ದು ಸೌಳು ಮಣ್ಣು. ತುಂಗಭದ್ರಾ ಕಾಲುವೆ ಬಂದ ಮೇಲೆ ಮಾನ್ವಿಯ ರೈತ ಹೊಲದಲ್ಲಿ ಎದ್ದ ಸೌಳು ನೋಡಿ ಹಣೆ ಚಚ್ಚಿಕೊಳ್ಳುತ್ತಾನೆ. ಮಾಳಿಗೆಗೆ ಮಾತ್ರ ಅದೇ ಬೇಕು. ತೊಯ್ದೊಡನೆ ಅಂಟಿನಂತೆ ಹರಡಿಕೊಂಡು ಸಂದುಗೊಂದಿ ಮುಚ್ಚುತ್ತದೆ, ಹುಲ್ಲೂ ಬೇಗ ಹುಟ್ಟುವುದಿಲ್ಲ. ನಮ್ಮಜ್ಜ ಹಾಕಿದ್ದ, ಅಪ್ಪ ಹಾಕಿದ್ದ, ನಾನೂ ಹಾಕಿಸಿದ್ದೆ. ಮೂರು ತಲೆಮಾರಿನ ಕಾಳಜಿ ಒಂದೂವರೆ ಅಡಿ ದಪ್ಪವಾಗಿ ನಮ್ಮ ತಲೆಯ ಮೇಲೆ ಕೂತಿತ್ತು. ಲೆಕ್ಕ ಹಾಕಿದೆ: ಒಂದು ಚದರ ಮೀಟರಿಗೆ ಹತ್ತಿರ ಹತ್ತಿರ ಮುಕ್ಕಾಲು ಟನ್. ತೊಲೆ ನಡುವೆ ಜಗ್ಗಿತ್ತು, ನೀರು ದಾರಿ ಬದಲಿಸಿತ್ತು. ಇಂಜಿನಿಯರ್ ಸಾಹೇಬರನ್ನು ನೋಡಿ ನಕ್ಕದ್ದು ತಪ್ಪಾಯಿತೇನೋ ಎಂದೂ ಅನ್ನಿಸಿತು. 1993ರ ಸೆಪ್ಟೆಂಬರ್ 30ರ ನಸುಕಿನ ಭೂಕಂಪದಲ್ಲಿ ಕಿಲ್ಲಾರಿಯಲ್ಲಿ ಮಲಗಿದ್ದವರ ಮೇಲೆ ಬಿದ್ದದ್ದು ಇಂಥದೇ ಗೋಡೆ, ಇಂಥದೇ ಭಾರದ ಮಾಳಿಗೆ. ಸಾಹೇಬರ ಹೆದರಿಕೆ ಸುಳ್ಳಲ್ಲ. ಏಣಿ ಹತ್ತಿದ್ದರೆ ಚೀಟಿಯ ಮೊತ್ತ ಕಡಿಮೆಯಾಗುತ್ತಿತ್ತು, ಅಷ್ಟೆ.

ಒಂದು ವಾರ ಮಣ್ಣು ಇಳಿಸಿದೆವು. ಅಜ್ಜ ಒರಲಿ ತಿಂದ ಎರಡು ಜಂತಿ ಬದಲಿಸಿದ; ಉಳಿದವನ್ನು ಬೆರಳ ಗೆಣ್ಣಿನಿಂದ ಕುಟ್ಟಿ, ಕಿವಿಗೊಟ್ಟು ಕೇಳಿ, 'ಗಟ್ಟಿ ಅದಾವ' ಎಂದು ಬಿಟ್ಟ. ಮನೆ ಮುಂದೆ ಸಣ್ಣ ಗುಡ್ಡವಾಯಿತು. ಅತ್ತೆ ಕಟ್ಟೆಯ ಮೇಲೆ ಕೂತು ಪ್ರತಿ ಬುಟ್ಟಿಯನ್ನೂ ಕಣ್ಣಲ್ಲೇ ಶೋಧಿಸುತ್ತಿದ್ದಳು. ಐದನೆಯ ದಿನ ಕೆಳಗಿನ ಪದರದಿಂದ ಒಂದು ತೂತಿಲ್ಲದ ಮಣಿ, ಒಂದು ಮುರಿದ ಬಳೆ, ಹಸಿರುಗಟ್ಟಿದ ಒಂದು ಹಾಲಿ ಸಿಕ್ಕಾ ನಾಣ್ಯ ಉರುಳಿ ಬಿದ್ದವು. ನಾನು ನಾಣ್ಯ ಎತ್ತಿಕೊಳ್ಳುವಷ್ಟರಲ್ಲಿ ಆಕೆ ಕಟ್ಟೆಯಿಂದ ಇಳಿದಿದ್ದಳು.

"ಅದು ನಂದು, ಕೊಡಿಲ್ಲೆ. ಮಲಗಿದಾಗ ಕಳಕೊಂಡೀನಂತ ನಿಮ್ಮಜ್ಜ ಹೊಡೆದಿದ್ದ" ಎಂದು ಸೆರಗಿನಿಂದ ಒರೆಸಿ, ಗಂಟು ಹಾಕಿಕೊಂಡು, ಮಾಳಿಗೆಯ ಕಡೆ ಮುಖ ಮಾಡಿ ಕೂಗಿದಳು: "ಗೌಂಡಿ, ಮೆಲ್ಲಕ ಅಗೀ. ಇನ್ನೊಂದದ."