ಕಾವು ಕಾಲಿಗೋ, ಗೋಡೆಗೋ?

ಊರಲ್ಲಿ ಅಪ್ಪ ಮನೆ ಕಟ್ಟಿಸಿದಾಗ ನೆಲ ತಣ್ಣಗಿರಲೆಂದು ಕಾವಿ ಹಾಕಿಸಿದ್ದರು. ಬೇಸಗೆಯ ಮಧ್ಯಾಹ್ನ ಉಂಡು ಆ ಕೆಂಪು ನೆಲಕ್ಕೆ ಬೆನ್ನು ಹಚ್ಚಿದರೆ ಫ್ಯಾನೂ ಬೇಡ, ದಿಂಬೂ ಬೇಡ. ಈಗ ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಅದೇ ಅಪ್ಪನ ಮಗ ನೆಲ ಬಿಸಿ ಮಾಡಿಸಲು ಸಾಲ ಮಾಡಬೇಕಂತೆ. ಹಾಗೆ ಹೇಳಿದವಳು ನನ್ನಾಕೆ. "ಸಾಲ ಅನ್ಬೇಡಿ ರೀ, ಹೂಡಿಕೆ ಅನ್ನಿ" ಎಂದು ತಿದ್ದಿದವಳೂ ಅವಳೇ.

ನಮ್ಮದು ವಿಕ್ಟೋರಿಯಾ ರಾಣಿಯ ಕಾಲದ ಇಟ್ಟಿಗೆಯ ಸಾಲುಮನೆ. ಕೆಳಗೆರಡು ಕೋಣೆ, ಮೇಲೆರಡು, ಹಿಂದೆ ಬಾಲದಂತೆ ಅಂಟಿಸಿದ ಅಡುಗೆಮನೆ. ವಠಾರದಲ್ಲಿ ಬೆಳೆದವರಿಗೆ ಹೊಸದೇನಲ್ಲ. ನಾವು ಸೀನಿದರೆ ಗೋಡೆಯಾಚೆಯವರು ಮೂಗು ಒರೆಸಿಕೊಳ್ಳುತ್ತಾರೆ. ಇಷ್ಟಗಲದ ಮನೆಗೆ ಆರು ರೇಡಿಯೇಟರು. ಸೋಫಾ ಇಡಲು ಹೋದ ಕಡೆ ಅದೇ, ಕಪಾಟು ಇಡಲು ಹೋದ ಕಡೆಯೂ ಅದೇ. ಕೊನೆಗೆ ಸೋಫಾವನ್ನು ಅದರ ಮುಂದೆಯೇ ತಳ್ಳಿದೆವು. ಅಲ್ಲಿಂದ ಪ್ರತಿ ಚಳಿಗಾಲ ಗ್ಯಾಸು ಸುಟ್ಟು ನಾವು ಕಾಯಿಸುತ್ತಿರುವುದು ಸೋಫಾದ ಬೆನ್ನನ್ನು.

ಮಲಗುವ ಕೋಣೆಯದು ಇನ್ನೊಂದು ಕಥೆ. ಗಾಜಿನಿಂದ ಜಾರುವ ತಣ್ಣನೆ ಗಾಳಿಯನ್ನು ಅಲ್ಲೇ ಎದುರುಗೊಳ್ಳಲಿ ಎಂದು ರೇಡಿಯೇಟರನ್ನು ಕಿಟಕಿಯ ಕೆಳಗೆ ಕೂರಿಸಿದ್ದಾರೆ. ಬುದ್ಧಿವಂತಿಕೆಯೇ. ಆದರೆ ಸಂಜೆಯಾದೊಡನೆ ನಾವು ನೆಲದವರೆಗೆ ಪರದೆ ಎಳೆಯುತ್ತೇವೆ. ಕಾವೆಲ್ಲ ಪರದೆಯ ಹಿಂದೆ ಸೇರಿ ಕಿಟಕಿಯ ಜೊತೆ ಏಕಾಂತದಲ್ಲಿರುತ್ತದೆ.

ನನ್ನಾಕೆಗೆ ಈ ನೆಲ ಕಾಯಿಸುವ ಹುಚ್ಚು ಹತ್ತಿದ್ದು ಬಾತ್ ಊರಿನಲ್ಲಿ. ರೋಮನ್ನರ ಸ್ನಾನಗೃಹ ನೋಡಲು ಹೋಗಿದ್ದೆವು. ಗಿಡ್ಡ ಇಟ್ಟಿಗೆ ಕಂಬಗಳನ್ನು ಸಾಲಾಗಿ ನಿಲ್ಲಿಸಿ, ಮೇಲೆ ನೆಲ ಹಾಸಿ, ಅಡಿಯಲ್ಲಿ ಒಲೆಯ ಬಿಸಿಗಾಳಿ ಹರಿಸುತ್ತಿದ್ದರಂತೆ. "ನೋಡ್ರೀ, ಆ ಕಾಲದಲ್ಲೇ ಅವರ ಕಾಲು ಬೆಚ್ಚಗಿತ್ತು!" ಅಂದಳು. "ಅವರಿಗೆ ಒಲೆಗೆ ಸೌದೆ ತುರುಕಲು ಗುಲಾಮರಿದ್ದರು ಕಣೇ" ಅಂದೆ. ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಮುಂದೆ ಮಾತು ಬೆಳೆಯಲಿಲ್ಲ.

ರಾತ್ರಿಯಾದ ಮೇಲೆ ಬೆಳೆಯಿತು. ಮಾತಿನ ನಡುವೆ ಕೊರಿಯಾದವರು ಬಂದರು. ಅವರ ಹಳೆಯ ಮನೆಗಳಲ್ಲಿ ಅಡುಗೆ ಒಲೆಯ ಹೊಗೆ ಕಲ್ಲುಹಾಸಿನ ಅಡಿಯಲ್ಲಿ ಸಾಗಿ ಆಚೆ ತುದಿಯ ಚಿಮಣಿ ಸೇರುತ್ತಿತ್ತು. ಅದಕ್ಕೆ ಓಂಡೋಲ್ ಎನ್ನುತ್ತಾರೆ. ಹಿಂದೆಯೇ ಅಮೆರಿಕದ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಬಂದ. ಟೋಕಿಯೊದಲ್ಲಿ ಇಂಥದೊಂದು ಕೋಣೆಯಲ್ಲಿ ಕೂತು ಮರುಳಾಗಿ, ಮುಂದೆ ತಾನು ಕಟ್ಟಿದ ಪುಟ್ಟ ಮನೆಗಳ ನೆಲದಡಿ ಬಿಸಿಕೊಳವೆ ಹಾಕಿಸಿದನಂತೆ. ನಾನೂ ಬಿಡಲಿಲ್ಲ. 1850ರ ದಶಕದಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ಫ್ರಾಂಜ್ ಸ್ಯಾನ್ ಗಾಲಿ ಎಂಬ ಪುಣ್ಯಾತ್ಮ ರೇಡಿಯೇಟರು ಮಾಡಿದ್ದನ್ನು ನೆನಪಿಸಿದೆ. "ರಷ್ಯಾದ ಚಳಿಗೇ ಸಾಕಾದದ್ದು ನಿನ್ನ ಕಾಲಿಗೆ ಸಾಲದಾ?"

ನಿಜ ಹೇಳಬೇಕೆಂದರೆ ರೇಡಿಯೇಟರು ಒಗ್ಗರಣೆ ಸೌಟಿದ್ದ ಹಾಗೆ. ಅರವತ್ತು ಎಪ್ಪತ್ತು ಡಿಗ್ರಿಯ ನೀರು ಹರಿದರೆ ಕಾಲು ಗಂಟೆಯಲ್ಲಿ ಚಟಪಟ ಎನ್ನುತ್ತದೆ. ಆದರೆ ಅದು ಬಿಸಿ ಮಾಡುವುದು ಹೆಚ್ಚಾಗಿ ಗಾಳಿಯನ್ನು. ಗಾಳಿ ಸೂರಿಗೇರುತ್ತದೆ, ಬೋಳುತಲೆ ಬೆವರುತ್ತದೆ, ಕಾಲಿಗೆ ಎರಡು ಜೊತೆ ಕಾಲುಚೀಲ. ನೆಲದ ಕಾವು ಬಚ್ಚಲ ಹಂಡೆಯಿದ್ದ ಹಾಗೆ. ಕಾಯಲು ಗಂಟೆಗಟ್ಟಲೆ ಬೇಕು, ಆರಲೂ ಅಷ್ಟೇ. ಕೊಳವೆಯ ನೀರು ಮೂವತ್ತೈದು ನಲವತ್ತು ಡಿಗ್ರಿ ಇದ್ದರೆ ಸಾಕು. ನೆಲ 29 ಡಿಗ್ರಿ ದಾಟಬಾರದು. ರಾಯಚೂರಿನವರಿಗೆ ಇದನ್ನು ಹೇಳಬೇಡಿ, ನಗುತ್ತಾರೆ.

"ಮುಂದೆ ಗ್ಯಾಸ್ ಬಾಯ್ಲರ್ ಹೋಗಿ ಹೀಟ್ ಪಂಪ್ ಬರತ್ತೆ. ಅದಕ್ಕೆ ಉಗುರುಬೆಚ್ಚಗಿನ ನೀರೇ ಹಿತ" ಅಂದಳು. "ರೇಡಿಯೇಟರ್ ದೊಡ್ಡದು ಹಾಕಿಸಿದರೂ ಆಗತ್ತೆ" ಅಂದೆ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ದೊಡ್ಡದು ಬಂದರೆ ಸೋಫಾ ಬೀದಿಗೇ.

ಪ್ಲಂಬರ್ ಬಂದ. ಮುಂದಿನ ಕೋಣೆಯ ಒಂದು ಹಲಗೆ ಎಬ್ಬಿಸಿದ. ಕೆಳಗೆ ಟೊಳ್ಳು, ಗಾಳಿ ಸುಯ್ ಎಂದು ಮುಖಕ್ಕೆ ಬಡಿಯಿತು. ಮೊದಲು ಕಾವು ಕೆಳಗಿಳಿಯದಂತೆ ದಪ್ಪ ಪದರ ಹಾಕಬೇಕು, ಇಲ್ಲದಿದ್ದರೆ ನೀವು ಸಾಕುವುದು ಇಲಿಗಳನ್ನು ಎಂದ. ಹಲಗೆಯ ಮೇಲೇ ಕೊಳವೆಯ ತೆಳು ಹಾಸು ಕೂರಿಸಿದರೂ ನೆಲ ಎರಡು ಸೆಂಟಿಮೀಟರಾದರೂ ಏರುತ್ತದೆ. ಬಾಗಿಲುಗಳ ಬುಡ ಕೊಯ್ಯಬೇಕು. ಮೆಟ್ಟಿಲಲ್ಲಿ ಮೊದಲನೆಯದು ಗಿಡ್ಡವಾಗಿ, ಇಳಿಯುವವರು ಮುಗ್ಗರಿಸುತ್ತಾರೆ. ಕರೆಂಟಿನ ಹಾಸು ತೆಳ್ಳಗೆ, ಹಾಕಿಸಲು ಅಗ್ಗ. ಆದರೆ ಇಲ್ಲಿ ಕರೆಂಟಿನ ಯೂನಿಟ್ಟು ಗ್ಯಾಸಿನದಕ್ಕಿಂತ ಹಲವು ಪಟ್ಟು ತುಟ್ಟಿ, ಬಿಲ್ಲು ಬಂದಾಗ ಮೈ ತಾನಾಗಿ ಬಿಸಿಯಾಗುತ್ತದೆ. ಇದು ಅವನ ಮಾತಲ್ಲ, ನನ್ನದು.

ಇನ್ನೊಂದು ಲೆಕ್ಕವನ್ನು ನಾನೇ ಟೇಪು ಹಿಡಿದು ಮಾಡಿದೆ. ಬೀರು, ಕಪಾಟಿನ ಅಡಿ ಕೊಳವೆ ಹಾಯಿಸುವುದಿಲ್ಲ. ಸೋಫಾ, ಟೀಪಾಯಿ, ತವರಿನಿಂದ ಬಂದ ಟ್ರಂಕು ಕಳೆದು, ಕಾವಿಗೆ ಅಡ್ಡವಾಗುವ ದಪ್ಪ ಜಮಖಾನವನ್ನೂ ಕಳೆದರೆ ಮುಂದಿನ ಕೋಣೆಯಲ್ಲಿ ಉಳಿಯುವ ನೆಲ ಯೋಗಾಸನದ ಒಂದು ಚಾಪೆಯಷ್ಟು. ಹಾಸಿಗೆ ಇದ್ದಷ್ಟು ಕಾಲು ಚಾಚಬಹುದು. ನೆಲವೇ ಇಲ್ಲದಿದ್ದರೆ ಕಾಯಿಸುವುದೇನನ್ನು?

ಅಷ್ಟರಲ್ಲಿ ಅಮ್ಮ ಆರು ತಿಂಗಳ ವೀಸಾದಲ್ಲಿ ಬಂದರು. ಮೂರನೇ ದಿನಕ್ಕೆ ಆರೂ "ಗೋಡೆ ಒಲೆ"ಗಳು ಅವರ ವಶ. ಒಂದರ ಮೇಲೆ ಸೀರೆ, ಒಂದರ ಮೇಲೆ ನನ್ನ ಪಂಚೆ, ಅಡುಗೆಮನೆಯದರ ಪಕ್ಕ ಸ್ಟೂಲಿನ ಮೇಲೆ ದೋಸೆ ಹಿಟ್ಟು. ಜನವರಿಯಲ್ಲಿ ಎರಡು ದಿನವಾದರೂ ಮುನಿಸಿಕೊಂಡು ಕೂರುತ್ತಿದ್ದ ಹಿಟ್ಟು ಬೆಳಗಾಗುವಷ್ಟರಲ್ಲಿ ಉಕ್ಕಿ ಸ್ಟೂಲಿಗೂ ದೋಸೆ ಹೊಯ್ದಿತ್ತು. ಇತ್ತ ಒದ್ದೆ ಬಟ್ಟೆಯ ಹಬೆಗೆ ಕಿಟಕಿಗಳು ಬೆವರಿದವು. ಮೂಲೆಗೆ ಬೂಷ್ಟು ಹಿಡಿಯಿತು. ಇಬ್ಬರೂ ಅಮ್ಮನ ತೀರ್ಪಿಗೆ ಹೋದೆವು.

"ನೆಲ ಬಿಸಿ ಮಾಡಿಸಿದ್ರೆ ಬಟ್ಟೆ ಎಲ್ಲಿ ಒಣಗ್ಸೋದು? ಹಪ್ಪಳದ ಹಾಗೆ ಹರವೋದಾ?" ಎಂದರು. ನಾನು ಗೆದ್ದೆ.

"ಅತ್ತೆ, ನಿಮ್ಮ ಮಂಡಿನೋವಿಗೆ ಬಿಸಿ ನೆಲ ಒಳ್ಳೇದು" ಎಂದಳು ಇವಳು. "ಹಾಗಾದ್ರೆ ಮಾಡಿಸೋ, ಅಮ್ಮನಿಗಿಂತ ಬಟ್ಟೆ ಹೆಚ್ಚಾ?" ಎಂದರು. ಸೋತೆ.

ಕೊನೆಗೆ ರಾಜಿಯಾಯಿತು. ಹಿಂದಿನ ಅಡುಗೆಮನೆಯ ಕಾಂಕ್ರೀಟು ನೆಲವನ್ನು ಹೇಗೂ ಅಗೆಸಬೇಕಿತ್ತು. ಅಲ್ಲಿ ಮಾತ್ರ ಕೊಳವೆ ಹಾಸಿ ಮೇಲೆ ಟೈಲ್ಸ್. ಮಿಕ್ಕ ಕಡೆ ರೇಡಿಯೇಟರುಗಳೇ ಇರಲಿ, ಬಟ್ಟೆಗೆ ಬೇಕಲ್ಲ.

ಈಗ ಎಲ್ಲರೂ ಅಡುಗೆಮನೆಯಲ್ಲೇ. ಊರು ಬಿಟ್ಟಮೇಲೆ ಮರೆತೇ ಹೋಗಿದ್ದ ಚಕ್ಕಳಮಕ್ಕಳ ತಾನಾಗಿ ಬಂತು. ಹಿಟ್ಟಿನ ಪಾತ್ರೆಗೂ ಒಂದು ಮೂಲೆ ಸಿಕ್ಕಿದೆ. ನಿನ್ನೆ ಊಟವಾದ ಮೇಲೆ ಅಮ್ಮ ಸೆರಗು ಹಾಸಿ ಅಲ್ಲೇ ಅಡ್ಡಾದರು. "ಊರಲ್ಲಿ ನೆಲ ತಣ್ಣಗಿದೆ ಅಂತ ಮಲಗ್ತಿದ್ವಿ, ಇಲ್ಲಿ ಬೆಚ್ಚಗಿದೆ ಅಂತ" ಎಂದು ಕಣ್ಣು ಮುಚ್ಚಿದರು. ಮುಂದಿನ ಕೋಣೆಯಲ್ಲಿ ಸೋಫಾ ಒಂಟಿಯಾಗಿ ಬೆನ್ನು ಕಾಯಿಸಿಕೊಳ್ಳುತ್ತಿತ್ತು.