ಚಮಚ ಎಣಿಸಿಡಿ, ಭಾವ ಬರ್ತಾರೆ

ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟವನ್ನು ಮಂಡ್ಯ ಜಿಲ್ಲೆಯಲ್ಲಿ ಎಲ್ಲರೂ ನೋಡುತ್ತಾರೆ. 124.80 ಅಡಿ ಮುಟ್ಟಿತೆಂದರೆ ಭತ್ತ, ಕಬ್ಬು, ಮಗಳ ಮದುವೆ ಎಲ್ಲಕ್ಕೂ ಧೈರ್ಯ. ನಮ್ಮ ಭಾವ ಮಾತ್ರ ಆ ಅಂಕಿಯನ್ನು ಬೇರೆ ಲೆಕ್ಕದಲ್ಲಿ ಓದುತ್ತಾರೆ. ಮಳವಳ್ಳಿಯಲ್ಲಿ ಅವರದು ಪಂಪ್‌ಸೆಟ್ ಮೋಟಾರಿನ ರೀವೈಂಡಿಂಗ್ ಅಂಗಡಿ. ನಾಲೆಗೆ ನೀರು ಬಾರದಿದ್ದರೆ ಬೋರ್‌ವೆಲ್ ಮೋಟಾರುಗಳು ಎಡೆಬಿಡದೆ ಓಡಿ, ವೋಲ್ಟೇಜ್ ಬಿದ್ದಾಗ ಸುಟ್ಟು, ಅವರ ಬಾಗಿಲಿಗೆ ಬರುತ್ತವೆ. ನೀರು ಬಂತೋ, ಮೋಟಾರಿಗೆ ರಜೆ, ಭಾವನ ಕೈಗೆ ಗಾಳ. ವಿಶ್ವೇಶ್ವರಯ್ಯ ನಾಲೆಯ ಕೊನೇ ಭಾಗಕ್ಕೆ ನೀರು ತಲುಪುವುದೇ ಅಪರೂಪ. ಅದರಿಂದಲೇ ನಮ್ಮ ಸಂಸಾರ ನಿಂತಿದೆ ಎನ್ನುತ್ತಾಳೆ ಅಕ್ಕ.

ಕೆರೆ ಏರಿಯ ಮೇಲೆ ಗಾಳ ಹಿಡಿದು ಕೂತವರು ಎಲ್ಲ ಊರಲ್ಲೂ ಸಿಗುತ್ತಾರೆ. ನಾನು ಹೇಳುತ್ತಿರುವುದು ಅವರೊಳಗಿನ ಒಂದು ಒಳಪಂಗಡದ ಮಾತು: ಮೀನಿನ ಸಾಮಾನನ್ನು ಅಂಗಡಿಯಲ್ಲಿ ಕೊಳ್ಳುವುದು ಅಪಮಾನ ಎಂದು ನಂಬಿದವರು. ಇವರು ಕೊಳ್ಳುವುದು ಎರಡೇ, ತಂಗೂಸಿ ದಾರ ಮತ್ತು ಗಾಳದ ಕೊಕ್ಕೆ. ಉಳಿದದ್ದೆಲ್ಲ ಮನೆಯಲ್ಲೇ ಹುಟ್ಟಬೇಕು. ಯಾರ ಮನೆಯಲ್ಲಿ ಎಂಬುದು ಅವರಿಗೆ ಮುಖ್ಯವಲ್ಲ.

ಭಾವನ ಗೋಣಿಚೀಲ ಬಿಚ್ಚಿದರೆ ನಮ್ಮ ಬಂಧುಬಳಗದ ಚರಿತ್ರೆಯೇ ಇದೆ. ಚಿಕ್ಕಮ್ಮನ ಹವಾಯಿ ಚಪ್ಪಲಿ ಸಣ್ಣ ಸಣ್ಣ ಬೆಂಡುಗಳಾಗಿದೆ. ಒಂದೊಂದು ಬೆಂಡಿಗೂ ಅರ್ಧ ಭಾಗ ಕೆಂಪು ನೇಲ್‌ಪಾಲಿಶ್, ಅದು ನನ್ನ ಹೆಂಡತಿಯದು. ನನ್ನ ಮಾವನವರು ಎಲ್ಲೋ ಬಿಟ್ಟೆ ಎಂದು ಹುಡುಕಿ ಹುಡುಕಿ ಸುಸ್ತಾದ ಕೊಡೆಯ ಕಡ್ಡಿ ಬಿದಿರು ಗಳದ ತುದಿಯಾಗಿದೆ. ಪಿನ್ನುಗಳನ್ನು ಬಗ್ಗಿಸಿ ದಾರ ಹಾಯುವ ಬಳೆ ಮಾಡಿ, ತಾಮ್ರದ ವೈಂಡಿಂಗ್ ತಂತಿಯಿಂದ ಗಳಕ್ಕೆ ಬಿಗಿದಿದ್ದಾರೆ. ಆ ಬಿಗಿತ ಮಾತ್ರ ನೋಡಬೇಕು, ಒಂದು ಸುತ್ತಿನ ಮೇಲೆ ಇನ್ನೊಂದು ಸುತ್ತು ಹತ್ತಿರುವುದಿಲ್ಲ. ರೀಲಿನ ಬದಲು ನೀರಿನ ಬಾಟಲಿ: ಅದರ ಹೊಟ್ಟೆಗೆ ದಾರ ಸುತ್ತಿ, ಕತ್ತನ್ನು ಕೈಯಲ್ಲಿ ಹಿಡಿದು ಬೀಸಿದರೆ ದಾರ ಸರಸರ ಬಿಚ್ಚಿಕೊಂಡು ಹೋಗುತ್ತದೆ. ಮೀನು ಎಳೆದದ್ದು ತಿಳಿಯಲು ಗಳದ ತುದಿಗೆ ಗೆಜ್ಜೆ. ಅದು ನನ್ನ ಸೋದರ ಸೊಸೆಯ ಭರತನಾಟ್ಯದ್ದು. ಒಂದು ಗೆಜ್ಜೆ ಕಮ್ಮಿಯಾದರೆ ಯಾರಿಗೆ ಗೊತ್ತಾಗುತ್ತದೆ ಎಂಬುದು ಅವರ ವಾದ. ಟೀಚರಿಗೆ ಗೊತ್ತಾಯಿತು.

ಚಮಚದ ಪ್ರಕರಣಕ್ಕೆ ಮೂಲ ಅಮೆರಿಕ. ಅಲ್ಲಿ ಜೂಲಿಯೋ ಬ್ಯುಯೆಲ್ ಎಂಬಾತ 1852ರಲ್ಲಿ ಚಮಚದಂಥ ಗಾಳಕ್ಕೆ ಪೇಟೆಂಟ್ ತೆಗೆದುಕೊಂಡ. ದೋಣಿಯಿಂದ ಜಾರಿಬಿದ್ದ ಚಮಚಕ್ಕೆ ದೊಡ್ಡ ಮೀನೊಂದು ಬಾಯಿಹಾಕಿದ್ದನ್ನು ಕಂಡು ಅವನಿಗೆ ಅದು ಹೊಳೆಯಿತಂತೆ. ಈ ಕಥೆ ಮೊಬೈಲಿನ ಮೂಲಕ ಮಳವಳ್ಳಿ ತಲುಪಿದ ಮೇಲೆ ನಮ್ಮ ಮನೆಯ ನಾಮಕರಣದಲ್ಲಿ ನೆಂಟರು ಪಾಯಸವನ್ನು ಲೋಟಕ್ಕೆ ಬಾಯಿಟ್ಟು ಕುಡಿದರು. ಹಿಡಿ ಕತ್ತರಿಸಿ, ಎರಡು ತುದಿಗೂ ತೂತು ಕೊರೆದು, ಒಂದು ಕಡೆ ದಾರ, ಇನ್ನೊಂದು ಕಡೆ ಕೊಕ್ಕೆ ಸಿಕ್ಕಿಸಿದರೆ ನೀರಲ್ಲಿ ಎಳೆಯುವಾಗ ಚಮಚ ಮರಿಮೀನಿನಂತೆ ಹೊರಳಿ ಹೊಳೆಯುತ್ತದೆ. ಕೊರವ ಮೀನು ಹಾರಿ ಕಚ್ಚುತ್ತದೆ, ನಿಜ. ಆದರೆ ನಮ್ಮ ಕೆರೆಗಳಿಗೆ ಬಿಡುವುದು ಹೆಚ್ಚಾಗಿ ಕಾಟ್ಲಾ, ರೋಹು, ಮೃಗಾಲ್ ಮರಿ. ಕಾಟ್ಲಾ ಮೇಲ್ನೀರಿನ ಕಣ್ಣಿಗೆ ಕಾಣದ ಜೀವಿಗಳನ್ನು ಸೋಸಿ ತಿನ್ನುವ ಮೀನು, ಅದರ ಬಾಯಿಯೇ ಮೇಲಕ್ಕೆ ತಿರುಗಿದೆ. ರೋಹು ನಡುನೀರಿನಲ್ಲಿ ಮೇಯುತ್ತದೆ, ಮೃಗಾಲ್ ತಳದ ಕೆಸರಲ್ಲಿ. ಚಮಚ ನೋಡಿ ಹಿಂದೆ ಓಡುವ ಆಸೆ ಮೂರಕ್ಕೂ ಇಲ್ಲ. ಇದನ್ನು ನನಗೆ ಹೇಳಿಕೊಟ್ಟವರೂ ಭಾವನೇ, ಚಮಚವೆಲ್ಲ ತೂತಾದ ಮೇಲೆ.

ಇದೆಲ್ಲ ಕ್ಷಮಿಸಬಹುದು. ನನ್ನ ಕಾರಿನ ಸಂಗತಿ ಹಾಗಲ್ಲ.

ಗೌರಿ ಹಬ್ಬಕ್ಕೆ ಅಕ್ಕನಿಗೆ ಬಾಗಿನ ಕೊಡಲು ಬೆಂಗಳೂರಿನಿಂದ ಹೋಗಿದ್ದೆವು. ರಾತ್ರಿ ಕಾರನ್ನು ಭಾವನ ಅಂಗಡಿ ಮುಂದೆ ನಿಲ್ಲಿಸಿದ್ದೆ. ಬೆಳಿಗ್ಗೆ ಎದ್ದಾಗ ಅವರು ಅಸಾಧಾರಣ ಸೌಜನ್ಯದಿಂದ ಗಾಜು ಒರೆಸುತ್ತಿದ್ದರು. ಆಗಲೇ ನನಗೆ ಅನುಮಾನ ಬರಬೇಕಿತ್ತು. ಮದ್ದೂರಲ್ಲಿ ವಡೆ ಕಟ್ಟಿಸಿಕೊಂಡು ಎಕ್ಸ್‌ಪ್ರೆಸ್‌ವೇಗೆ ಹತ್ತಿ ವೇಗ 80 ದಾಟುತ್ತಲೇ ಸ್ಟೇರಿಂಗ್ ನಡುಗತೊಡಗಿತು. 90ಕ್ಕೆ ಹೆಂಡತಿಯ ಬಳೆ ಸದ್ದಾದವು. ರಸ್ತೆ ಸರಿಯಿಲ್ಲ ಎಂದೆ. ನಿಮ್ಮ ಕೈಯೇ ನಡುಗುತ್ತಿದೆ, ಬಿ.ಪಿ. ನೋಡಿಸಿ ಎಂದಳು. ಅರವತ್ತರಲ್ಲಿ ತೆವಳುತ್ತ, ಪಕ್ಕದಲ್ಲಿ ಹೋದವರಿಂದೆಲ್ಲ ಬೈಸಿಕೊಳ್ಳುತ್ತ ಊರು ಸೇರಿ ಟೈರಿನ ಅಂಗಡಿಗೆ ಹೋದೆ. ಹುಡುಗ ಬಗ್ಗಿ ನೋಡಿದವನೇ, "ಸಾರ್, ನಾಕು ವೀಲಲ್ಲೂ ವೇಟೇ ಇಲ್ವಲ್ಲ! ಯಾರೋ ನೀಟಾಗಿ ಕಿತ್ತವ್ರೆ" ಎಂದ. ಚಕ್ರ ಸಮತೂಕದಲ್ಲಿ ತಿರುಗಲೆಂದು ರಿಮ್ಮಿನ ಅಂಚಿಗೆ ಸಿಕ್ಕಿಸುವ ಪುಟ್ಟ ಪುಟ್ಟ ಸೀಸದ ತುಂಡುಗಳವು. ನೀಟಾಗಿ ಎಂಬ ಒಂದು ಮಾತಿನಿಂದಲೇ ನನಗೆ ಆಳು ಯಾರೆಂದು ಗೊತ್ತಾಯಿತು.

ಫೋನ್ ಮಾಡಿದೆ.

"ಅಯ್ಯೋ ಬಾಮೈದ, ಸುಮ್ನೆ ಭಾರ ಕನ ಅದು. ತಗುದ್ರೆ ಮೈಲೇಜ್ ಬತ್ತದೆ ಅಂತ ನಿನ್ ಒಳ್ಳೇದ್ಕೇ ಮಾಡ್ದೆ."

"ಭಾವ, ರೋಟರ್ ಬ್ಯಾಲೆನ್ಸ್ ತಪ್ಪಿದ್ರೆ ಬೇರಿಂಗ್ ಹೋಗುತ್ತೆ ಅಂತ ಊರಿಗೆಲ್ಲ ಪಾಠ ಹೇಳೋರು ನೀವು."

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ತಗ್ಗಿದ ದನಿ: "ನಿಮ್ಮಕ್ಕುನ್ ತಾವ ಯೋಳ್ಬ್ಯಾಡ ಕನಪ್ಪ."

ಮಾರನೆಯ ದಿನ ಬಸ್ಸಿನಲ್ಲಿ ಬಾಳೆಲೆ ಸುತ್ತಿದ ಕಾಟ್ಲಾ ಬಂತು, ಹೆಚ್ಚಿ ಉಪ್ಪು ಅರಿಶಿನ ಸವರಿದ್ದು. ಸಿಟ್ಟಿನಲ್ಲೇ ಸಾರು ಮಾಡಿಸಿದೆ. ಎರಡನೆಯ ಸಲ ಬಡಿಸಿಕೊಳ್ಳುವಾಗ ಸಿಟ್ಟು ಎಲ್ಲಿತ್ತೋ ನೆನಪಿಲ್ಲ. ಅದರ ಗಾಳಕ್ಕೆ ಕಟ್ಟಿದ್ದ ಸೀಸ ನನ್ನ ಎಡಗಡೆ ಮುಂದಿನ ಚಕ್ರದ್ದು ಎಂದು ಹೆಂಡತಿ ಹೇಳುತ್ತಲೇ ಇದ್ದಳು.

ಇವರ ಜೊತೆ ವಾದಕ್ಕಿಳಿದರೆ ಗೆಲ್ಲುವಂತಿಲ್ಲ, ಪುರಾಣವೂ ಇತಿಹಾಸವೂ ಅವರ ಕಡೆಗೇ ಇವೆ. ಮುತ್ತತ್ತಿಯಲ್ಲಿ ಸೀತಮ್ಮನ ಮೂಗುತಿ ಕಾವೇರಿಗೆ ಬಿದ್ದಾಗ ಆಂಜನೇಯ ಬಾಲದಿಂದಲೇ ನೀರು ಕಲಕಿ ಎತ್ತಿಕೊಟ್ಟ ಕಥೆ ಇದೆಯಲ್ಲ, ಭಾವ ಅದನ್ನು ಹೇಳಿ ಮುಗಿಸುವುದು ಹೀಗೆ: "ಅಂಗಡೀಲಿ ಗಾಳ ತಂದ್ನಾ? ಮೈಮ್ಯಾಲಿದ್ದುದ್ರಲ್ಲೇ ಕೆಲ್ಸ ಮುಗುಸ್ದ." ಇನ್ನು ಮುತ್ತತ್ತಿಗೆ ಹತ್ತಿರದ ಭೀಮೇಶ್ವರಿ. ಒಂದು ಕಾಲಕ್ಕೆ ಅಲ್ಲಿಗೆ ಬಿಳಿಮೀನು, ಅಂದರೆ ಮಹಶೀರ್ ಹಿಡಿಯಲು ಇಂಗ್ಲೆಂಡಿನಿಂದೆಲ್ಲ ದುಬಾರಿ ಕೋಲು ಹೊತ್ತು ಬರುತ್ತಿದ್ದರು. ಬಂದವರು ಕೊನೆಗೆ ಕೊಕ್ಕೆಗೆ ಮೆತ್ತುತ್ತಿದ್ದುದು ನಮ್ಮ ರಾಗಿಮುದ್ದೆಯನ್ನೇ. ಗಟ್ಟಿಯಾಗಿ ಬೆಂದ ಮುದ್ದೆ ಹೊಳೆಯ ಸೆಳವಿಗೂ ಕರಗುವುದಿಲ್ಲ. ಮೈಸೂರಿನ ವ್ಯಾನ್ ಇಂಗೆನ್ 1946ರಲ್ಲಿ ಕಬಿನಿಯಲ್ಲಿ 120 ಪೌಂಡಿನ ಮಹಶೀರ್ ಎತ್ತಿದ್ದನ್ನು ಭಾವ ಪಕ್ಕದಲ್ಲಿ ಕೂತು ನೋಡಿದವರಂತೆ ವರ್ಣಿಸುತ್ತಾರೆ. ಆದರೆ ಅಲ್ಲಿ ಅವರು ಈಗ ಗಾಳ ಬಿಚ್ಚುವುದಿಲ್ಲ. ಅದು ಅಭಯಾರಣ್ಯ, ಕಾವೇರಿ ಕೊಳ್ಳದ ಆ ಮೀನು 2018ರಲ್ಲಿ ಅಳಿವಿನ ಅಂಚಿನ ಜೀವಿಗಳ ಪಟ್ಟಿ ಸೇರಿದೆ. ದೇವರಿಗೆ ಕೈಮುಗಿದು ಹೊಳೆಯನ್ನು ಒಂದಷ್ಟು ಹೊತ್ತು ನೋಡಿ, ಕೈಕಟ್ಟಿಕೊಂಡೇ ವಾಪಸು ಬರುತ್ತಾರೆ.

ಅವರ ಅಪ್ಪನ ಕೈಗುಣ ಮೊಲ, ಕೌಜುಗಕ್ಕೂ ತಿರುಗುತ್ತಿತ್ತಂತೆ. 1972ರ ವನ್ಯಜೀವಿ ಕಾಯಿದೆ ಬಂದರೂ ಉರುಳು ಹಾಕುವವರು ಪೂರ್ತಿ ನಿಂತಿಲ್ಲ. ಕಬ್ಬಿನ ಗದ್ದೆಯ ಅಂಚಿಗೆ ಹಂದಿಗೆಂದು ಬೈಕಿನ ಕೇಬಲ್ಲು ಕಟ್ಟುತ್ತಾರೆ, ಚಿರತೆ ಸಿಕ್ಕಿ ನರಳುತ್ತದೆ. ಅಂಥ ಒಬ್ಬ ಅಂಗಡಿಗೆ ಬಂದು ತಂತಿಯ ಜಾರುಗಂಟು ಮಾಡಿಕೊಡಿ ಎಂದಾಗ ನಾನೂ ಅಲ್ಲೇ ಇದ್ದೆ. ಭಾವ ತಲೆ ಎತ್ತದೆ, "ಗಾಳ ಹಾಕ್ದೋನು ಕಡೇಗಂಟ ಕುಂತಿರ್ತನೆ. ಉರುಳು ಹಾಕ್ದೋನು ಮನೇಲಿ ಮನಗಿರ್ತನೆ. ನಾ ಮಾಡ್ಕೊಡಕಿಲ್ಲ, ಓಗು" ಎಂದರು. ಚಮಚ ಕಳೆದುಕೊಂಡ ಮನೆಯವನಿಗೂ ಆವತ್ತು ಸ್ವಲ್ಪ ಹೆಮ್ಮೆಯಾಯಿತು.

ಆ ಹೆಮ್ಮೆಯಲ್ಲೇ ಒಂದು ಮಾತು ಆಡಿಬಿಟ್ಟೆ. ಕಡಿದುಹೋದ ದಾರದ ಜೊತೆ ನೀರಿಗೆ ಬಿದ್ದ ಸೀಸವನ್ನು ಹಂಸಗಳು ನುಂಗಿ ಸಾಯುತ್ತಿದ್ದವೆಂದು ಬ್ರಿಟನ್ನಿನಲ್ಲಿ 1987ರಲ್ಲೇ ಗಾಳದ ಸೀಸ ಮಾರುವುದನ್ನು ನಿಲ್ಲಿಸಿದರು, ನಮ್ಮ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನ ಹಕ್ಕಿಗಳು ಇಳಿಯುವುದೂ ಇದೇ ಕೆರೆಗಳಿಗಲ್ಲವೇ, ಎಂದೆ. ಭಾವ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಸೀಸದ ಡಬ್ಬಿಯನ್ನು ತಂದು ನನ್ನ ಕೈಗಿಟ್ಟು, ಇನ್ನು ಮುಟ್ಟುವುದಿಲ್ಲ ಎಂದರು. ಈಗ ದಾರಕ್ಕೆ ಕಟ್ಟುವುದು ಹಳೇ ಸ್ಪಾರ್ಕ್ ಪ್ಲಗ್ಗು, ಕಬ್ಬಿಣದ ನಟ್ಟು. ಹಾಳಾದ ಮೋಟಾರಿನ ನಟ್ಟುಗಳೇ ಅಂಗಡಿ ತುಂಬ ಇರುವಾಗ ನನಗೆ ಅಪಾಯವಿಲ್ಲ ಎಂದುಕೊಂಡಿದ್ದೆ. ಯುಗಾದಿಗೆ ಬಂದು ಹೋದರು. ಮರುದಿನ ಹಾಲಿನವನು ಗೇಟು ತಳ್ಳಿದ್ದಾನೆ, ಗೇಟು ಅವನ ಜೊತೆಗೇ ಒಳಗೆ ಬಂತು. ಫೋನು ಮಾಡಿದರೆ, "ನೀನೇ ಯೋಳ್ದಲ್ಲ ಬಾಮೈದ, ಅಕ್ಕಿ ಸಾಯ್ತವೆ ಅಂತ" ಎಂದರು.