ಪಾಂಡಣ್ಣನ ಡೈರಿ

ನಿನ್ನೆ ಶನಿವಾರ ಸಂಜೆ, ಮ್ಯೂನಿಕ್ಕಿನ ನಮ್ಮ ಬೀದಿಯ ಸೂಪರ್‌ಮಾರ್ಕೆಟ್ಟಿನಲ್ಲಿ, ಕ್ಯಾಷಿಯರ್ ಹೆಂಗಸು ಒಂದು ಚೀಟಿಯನ್ನು ಮೂಗಿಗೆ ಹಿಡಿದು ಮೂಸಿದಳು. ಆಮೇಲೆ ತಲೆ ಎತ್ತಿ ನನ್ನನ್ನು ನೋಡಿದಳು. ಚೀಟಿಯಿಂದ ಅರಿಶಿನದ ಘಮ ಬರುತ್ತಿತ್ತು. ನನ್ನಿಂದ ಬೆವರು ಬರುತ್ತಿತ್ತು. ಕೈಯಲ್ಲಿ ಅಂಥವೇ ಇನ್ನೂ 36 ಚೀಟಿ, ಬೆನ್ನ ಹಿಂದೆ 14 ಜನ. ಭಾನುವಾರ ಇಲ್ಲಿ ಅಂಗಡಿ ಬಾಗಿಲು ತೆರೆಯುವುದಿಲ್ಲ. ಹಾಗಾಗಿ ಶನಿವಾರ ಸಂಜೆಯ ಸಾಲಿನಲ್ಲಿ ನಿಂತವರು ನಾಳೆಯಿಂದ ಬರಗಾಲ ಅನ್ನುವ ಹಾಗೆಯೇ ನಿಂತಿರುತ್ತಾರೆ. ಅಂಥವರ ಮುಂದೆ ನಾನು, ಕಂಪನಿಯಲ್ಲಿ ಹನ್ನೊಂದು ಜನರ ಮೇಲೆ ದರ್ಬಾರು ಮಾಡುವವನು, ಅರಿಶಿನ ಮೆತ್ತಿದ ಚೀಟಿಗಳನ್ನು ಒಂದೊಂದಾಗಿ ಬಿಡಿಸಿ ಕೊಡುತ್ತ ನಿಂತಿದ್ದೆ.

ಇದಕ್ಕೆಲ್ಲ ಕಾರಣ ನಮ್ಮವ್ವ. ಇನ್ನೂ ಹಿಂದಕ್ಕೆ ಹೋದರೆ, ಕುದೇರಿನ ಹಾಲು.

ಕುದೇರು ಅಂದರೆ ಗೊತ್ತಿಲ್ಲದವರಿಗೆ ನಾನು ಚಾಮರಾಜನಗರ ಅನ್ನುತ್ತೇನೆ. ಅದೂ ಗೊತ್ತಿಲ್ಲದವರಿಗೆ ಮೈಸೂರು. ಅವ್ವ ಹಾಗಲ್ಲ. ಅವಳ ಭೂಪಟದಲ್ಲಿ ನಟ್ಟನಡುವೆ ಕುದೇರಿದೆ, ಯಾಕೆಂದರೆ ನಂದಿನಿ ಹಾಲಿನ ಚಾಮುಲ್ ಡೈರಿ ಇರುವುದು ಅಲ್ಲಿ. ಮೈಸೂರು ಅದರ ಪಕ್ಕದ ಯಾವುದೋ ಊರು. 2024ರ ಟಿ20 ವಿಶ್ವಕಪ್ಪಿನಲ್ಲಿ ಸ್ಕಾಟ್ಲೆಂಡ್ ಮತ್ತು ಐರ್ಲೆಂಡ್ ಆಟಗಾರರ ಅಂಗಿಯ ಮೇಲೆ ನಂದಿನಿ ಹೆಸರು ಬಂದಾಗ ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ. ಎರಡೂ ತಂಡ ಮೊದಲ ಸುತ್ತಿನಲ್ಲೇ ಗಂಟುಮೂಟೆ ಕಟ್ಟಿದ್ದಕ್ಕೆ ಮಾತ್ರ ಬೇಸರವಾಯಿತು. "ಅಂಗಿ ಮ್ಯಾಲ ಬರ್ಕಂಡ್ರ ಆದ್ದಾ? ಕುಡೀಬೇಕು" ಅಂದಳು.

ಮೂವತ್ತು ವರ್ಷ ಹೊತ್ತಾರೆ ಐದಕ್ಕೆದ್ದು, ಕ್ಯಾನು ಹಿಡಿದು, ಹಾಲಿನ ಸಂಘದ ಮುಂದೆ ಸಾಲು ನಿಂತವಳು ಅವ್ವ. ಹಾಲು ಸುರಿ, ಫ್ಯಾಟು ನೋಡಿಸು, ಚೀಟಿ ಇಸ್ಕೊ. ಸಂಜೆ ಮತ್ತೆ ಹೋಗು, ಸುರಿ, ಇಸ್ಕೊ. ಚೀಟಿಗಳನ್ನೆಲ್ಲ ಹಾರ್ಲಿಕ್ಸ್ ಡಬ್ಬದಲ್ಲಿಟ್ಟು, ಬಟವಾಡೆ ದಿನ ಪಾಸ್‌ಪುಸ್ತಕದ ಜೊತೆ ತಾಳೆ ನೋಡು. ಅಪ್ಪನ ಕೈಯಲ್ಲಿ ಅರಿಶಿನದ ದುಡ್ಡು, ಸಣ್ಣೀರುಳ್ಳಿ ದುಡ್ಡು ಬಂದು ಹೋಗುತ್ತಿತ್ತು, ಹೆಚ್ಚಾಗಿ ಹೋಗುತ್ತಿತ್ತು. ಹಾಲಿನ ದುಡ್ಡು ಮಾತ್ರ ಅವ್ವನದು. ಮೈಸೂರಿನ ಹಾಸ್ಟೆಲ್ಲಿಗೆ ಬರುತ್ತಿದ್ದ ನನ್ನ ಮನಿಯಾರ್ಡರಿಗೂ ಹಾಲಿನ ವಾಸನೆ ಇತ್ತು ಅಂತ ಈಗ ಹೇಳಿದರೆ ಸಾಹಿತ್ಯವಾಗುತ್ತದೆ. ಆಗ ಅಂಥದ್ದೇನೂ ಇರಲಿಲ್ಲ. ಯಾವಾಗಲೂ ನೂರು ರೂಪಾಯಿ ಕಡಿಮೆ ಇರುತ್ತಿತ್ತು, ಅಷ್ಟೇ.

ಇಂಥವಳನ್ನು ಮೂರು ತಿಂಗಳ ವೀಸಾದ ಮೇಲೆ ಕರೆತಂದು, ಮೂರನೇ ಮಹಡಿಯ ಸೋಫಾದ ಮೇಲೆ ಕೂರಿಸಿ, "ಅವ್ವ, ನೀನು ಏನೂ ಮಾಡಬೇಡ, ರೆಸ್ಟ್ ತಗೋ" ಅಂದೆ. ನನ್ನ ಮೊದಲ ತಪ್ಪು ಅದು. ಎರಡನೆಯದು, ಎಂಟು ವರ್ಷದ ಮಗಳನ್ನು ಅವಳಿಗೆ ದುಭಾಷಿಯಾಗಿ ಕೊಟ್ಟಿದ್ದು.

ಇಲ್ಲಿ ಖಾಲಿ ಬಾಟಲಿಯ ವಿಷಯ ಹೇಳಬೇಕು. 2003ರ ಜನವರಿ 1ರಿಂದ ಜರ್ಮನಿಯಲ್ಲಿ ಬಿಸಾಡುವ ಬಾಟಲಿಗೂ ಡಬ್ಬಕ್ಕೂ ಠೇವಣಿ. ಕುಡಿದ ಮೇಲೆ ಅಂಗಡಿಯ ಗೋಡೆಯಲ್ಲಿರುವ ಯಂತ್ರದ ಬಾಯಿಗೆ ಹಾಕಿದರೆ 25 ಸೆಂಟ್ ವಾಪಸ್. ಯೂರೋಗೆ ನೂರು ರೂಪಾಯಿ ಅಂತ ಹಿಡಿದರೆ, ಬಾಟಲಿಗೆ 25 ರೂಪಾಯಿ. ನಮ್ಮಲ್ಲಿ ಸರಕಾರದ ಪ್ರೋತ್ಸಾಹಧನ ಲೀಟರ್ ಹಾಲಿಗೆ 5 ರೂಪಾಯಿ. ಈ ಎರಡು ಅಂಕಿಗಳನ್ನು ಅವ್ವನ ಮುಂದೆ ಅಕ್ಕಪಕ್ಕ ಇಟ್ಟದ್ದು ನನ್ನ ಮಗಳು. ಇಟ್ಟು ಸುಮ್ಮನಿರದೆ ಭಾಗಾಕಾರವನ್ನೂ ಮಾಡಿ ತೋರಿಸಿದಳಂತೆ. ಅವ್ವ ಖಾಲಿ ಬಾಟಲಿ ಆಯಲು ಹೊರಟಳು.

ಠೇವಣಿಗೆ ಜರ್ಮನ್ನಿನಲ್ಲಿ ಫಾಂಡ್ ಅನ್ನುತ್ತಾರೆ. ಅವ್ವನ ಬಾಯಲ್ಲಿ ಅದು ಪಾಂಡು ಆಯಿತು. ಎರಡನೆಯ ವಾರಕ್ಕೆ ಪಾಂಡಣ್ಣ. ತಗಡಿನ ಡಬ್ಬಕ್ಕೆ ಇವರ ಭಾಷೆಯಲ್ಲಿ ಡೋಸೆ ಅಂತ ಮಗಳು ಹೇಳಿಕೊಟ್ಟಾಗ, "ದೋಸೆ ಹಾಕುದ್ರೂ ಕಾಸು ಕೊಡ್ತಾನಾ ಪಾಂಡಣ್ಣ?" ಅಂತ ಅವ್ವ ಬೆರಗಾದಳು. ಒಂದು ದಿನ ಜಾಗ ಉಳಿಸಲು ಬಾಟಲಿಗಳನ್ನೆಲ್ಲ ತುಳಿದು ಚಪ್ಪಟೆ ಮಾಡಿ ಒಯ್ದಳು. ಯಂತ್ರ ಒಂದೊಂದನ್ನೂ ಹೊರಕ್ಕೆ ಉಗಿಯಿತು. "ಪಾಂಡಣ್ಣ ಇವತ್ತು ಮುನಿಸ್ಕಂಡವನ, ಡಿಗ್ರಿ ಕಮ್ಮಿ ಅಂತಾನ" ಅಂತ ಮನೆಗೆ ಬಂದಳು. ಬಾರ್‌ಕೋಡ್ ಓದಲಾಗದಿದ್ದರೆ ಅದು ತಗೊಳ್ಳುವುದಿಲ್ಲ ಅಂತ ಮಗಳು ವಿವರಿಸಿದಳು. ಅವತ್ತಿನಿಂದ ಮಗಳಿಗೆ, ಸಂಘದಲ್ಲಿ ಹಾಲು ಪರೀಕ್ಷಿಸುವವರ ಹಾಗೆ, ಟೆಸ್ಟರ್ ಹುದ್ದೆ. ಸಂಬಳ ಬಾಟಲಿಗೆ 2 ಸೆಂಟ್. ಅವಳು 3 ಕೇಳಿದ್ದಳಂತೆ.

ಬಿಯರಿನ ಗಾಜಿನ ಬಾಟಲಿಗೆ ಬರೀ 8 ಸೆಂಟ್ ಅನ್ನುವುದು ಅವ್ವನಿಗೆ ಇವತ್ತಿಗೂ ಸಹಿಸಲಾಗದ ಅನ್ಯಾಯ. "ಗಾಜು ಭಾರ, ಗಟ್ಟಿ. ಅದ್ಕ ಎಂಟು. ಉಫ್ ಅಂದ್ರ ಹಾರೋಗ ಪ್ಲಾಸ್ಟಿಕ್ಕಿಗ ಇಪ್ಪತ್ತೈದು. ಎಮ್ಮ ಹಾಲ್ಗಿಂತ ನೀರ್ಗೇ ರೇಟು ಜಾಸ್ತಿ ಅಂದಂಗಾಯ್ತು." ಗಾಜಿನದನ್ನು ತೊಳೆದು ಮತ್ತೆ ತುಂಬುತ್ತಾರೆ, ಪ್ಲಾಸ್ಟಿಕ್ಕನ್ನು ಜನ ಎಸೆಯಬಾರದು ಅಂತಲೇ ಠೇವಣಿ ಜಾಸ್ತಿ ಎಂದು ನಾನು ಬಿಡಿಸಿ ಹೇಳಿದೆ. ಕೇಳಿಸಿಕೊಂಡು, "ಕಳ್ಳನ್ಗ ಜಾಸ್ತಿ ಮರ್ವಾದಿ" ಅಂದಳು. 2024ರಿಂದ ಹಾಲಿನ ಪ್ಲಾಸ್ಟಿಕ್ ಬಾಟಲಿಗೂ ಠೇವಣಿ ಬಂದಿದೆ ಅಂತ ತಿಳಿದ ಮೇಲೆ ಜರ್ಮನ್ ಸರಕಾರದ ಮೇಲಿನ ಸಿಟ್ಟು ಸ್ವಲ್ಪ ಇಳಿಯಿತು.

ಇದೆಲ್ಲ ನನಗೆ ಗೊತ್ತಾದದ್ದು ಕೊನೆಗೆ. ಹೆಂಡತಿಗೆ ಗೊತ್ತಿತ್ತು. ಬಾಟಲಿ ತುಂಬಲು ಊರಿಂದ ತಂದ ಜವಳಿ ಅಂಗಡಿಯ ಚೀಲ ಕೊಟ್ಟವಳೇ ಅವಳು. ಬೇಸಿಗೆಯಲ್ಲಿ ಇಸಾರ್ ಹೊಳೆಯ ದಂಡೆಗೆ ಜನ ಬಂದು ಕೂತು, ಕುಡಿದು, ಖಾಲಿ ಬಾಟಲಿಗಳನ್ನು ಕಸದ ಡಬ್ಬದೊಳಗೆ ಹಾಕದೆ ಪಕ್ಕದಲ್ಲಿ ಸಾಲಾಗಿ ನಿಲ್ಲಿಸಿ ಹೋಗುತ್ತಾರೆ. ಆಯುವ ಬಡವರು ಕಸಕ್ಕೆ ಕೈ ಹಾಕಬೇಕಾಗಬಾರದು ಅಂತ. ಅವ್ವ ಅದನ್ನು ಎಡೆ ಇಟ್ಟಿದ್ದಾರೆ ಅಂದುಕೊಂಡಳು. "ನಮ್ಮ ಹೊನ್ನೊಳ ದಡದಲ್ಲಿ ಇಟ್ಟಂಗ ಇಟ್ಟವರ. ದ್ಯಾವ್ರೂ ಮುಟ್ಟಿಲ್ಲ." ದೇವರು ಮುಟ್ಟದ್ದನ್ನು ಅವ್ವ ಮುಟ್ಟಿದಳು. ಬೆಳಿಗ್ಗೆ ಒಂದು ಹೊತ್ತು, ಸಂಜೆ ಒಂದು ಹೊತ್ತು. ಸೀರೆಯ ಮೇಲೆ ನನ್ನ ಹಳೇ ಜರ್ಕಿನ್, ಕಾಲಿಗೆ ಸಾಕ್ಸು ಚಪ್ಪಲಿ, ಎರಡು ಕೈಯಲ್ಲಿ ಎರಡು ಚೀಲ. ಚೀಲದ ಮೇಲೆ ಕನ್ನಡದಲ್ಲಿ ದೊಡ್ಡ ಅಕ್ಷರ: ಮದುವೆ ಸೀರೆಗಳಿಗೆ ಹೆಸರಾದ ಮಳಿಗೆ.

ಆ ಅಕ್ಷರವೇ ಕಂಟಕವಾಯಿತು. ಅದನ್ನು ಓದಬಲ್ಲವರು ಈ ಊರಲ್ಲಿ ಎಷ್ಟು ಜನ ಇದ್ದಾರೋ, ಅವರಲ್ಲಿ ಒಬ್ಬರು ಒಂದು ದಿನ ಆ ದಾರಿಯಲ್ಲಿ ಬಂದರು. ರಾತ್ರಿ ನನಗೆ ಫೋನು. ಹವಾಮಾನ, ಮಾವಿನಹಣ್ಣಿನ ಪೆಟ್ಟಿಗೆಯ ಬೆಲೆ ಎಲ್ಲ ಆದ ಮೇಲೆ ದನಿ ತಗ್ಗಿಸಿ, "ಆಫೀಸಲ್ಲಿ ಎಲ್ಲಾ ಸರಿಯಾಗಿದೆ ತಾನೆ?" ಅಂದರು. ಸರಿಯಾಗಿದೆ ಅಂದೆ. "ಹೇಳಿಕೊಳ್ಳೋಕೆ ಸಂಕೋಚ ಬೇಡ. ಹೋದ ವರ್ಷ ನನ್ನದೂ ಹೋಗಿತ್ತು" ಅಂದರು. ಮರುದಿನ ಇನ್ನೊಬ್ಬರು ಎರಡು ಖಾಲಿ ಹುದ್ದೆಗಳ ಕೊಂಡಿ ಕಳುಹಿಸಿದರು. ಮೂರನೆಯ ದಿನ ಒಂದು ಮನೆಯಿಂದ ಬಿಸಿಬೇಳೆಬಾತು ಬಂತು. ಕೆಲಸ ಹೋಗದೆಯೇ ಕೆಲಸ ಹೋದವನ ಸಕಲ ಸೌಲಭ್ಯಗಳೂ ಸಿಗತೊಡಗಿದ ಮೇಲೆ ನಾನು ಅವ್ವನನ್ನು ತಡವಿಕೊಂಡೆ.

"ಅವ್ವ, ಇಲ್ಲಿ ಬಾಟಲಿ ಆಯೋರು ಯಾರು ಗೊತ್ತಾ? ಗತಿ ಇಲ್ಲದೋರು."

"ನಾನು ಹಾಲು ಹಾಕಕ್ಕ ಹೋಗುವಾಗ ಗತಿ ಇತ್ತಾ?"

"ನಿನಗೇನು ಬೇಕೋ ಕೇಳು, ನಾನು ಕೊಡಲ್ವಾ?"

"ಅದೇ ಕನಾ. ಕೇಳ್ಬೇಕಲ್ಲ."

ಇಷ್ಟು ಹೇಳಿ ಈರುಳ್ಳಿ ಹೆಚ್ಚಲು ಶುರು ಮಾಡಿದಳು. ನನಗೆ ರೇಗಿತು. ಉತ್ತರ ಇಲ್ಲದಾಗ ನನಗೆ ಹೆಚ್ಚು ರೇಗುತ್ತದೆ. "ಇಷ್ಟು ದಿನ ಸಂಪಾದಿಸಿದ್ದೆಲ್ಲ ಎಲ್ಲಿ?" ಅಂದೆ. ಅಲ್ಲಿ ಹೊರಬಿತ್ತು ನಿಜವಾದ ಹಗರಣ.

ಯಂತ್ರ ಕೊಡುವುದು ಕಾಸಲ್ಲ, ಚೀಟಿ. ಚೀಟಿಯನ್ನು ಗಲ್ಲೆಗೆ ಕೊಟ್ಟರೆ ಕಾಸು. ಅವ್ವ ಈ ಎರಡನೆಯ ಹೆಜ್ಜೆ ಇಡಲೇ ಇಲ್ಲ. ಚೀಟಿ ಕೊಟ್ಟ ಮೇಲೆ ಬಟವಾಡೆ ಆಗಲೇಬೇಕಲ್ಲ! ಸಂಘ ಅಂದ ಮೇಲೆ ಪದ್ಧತಿ ಇರುತ್ತದೆ. ಭಾನುವಾರ ಬಿಟ್ಟು ಹತ್ತೊಂಬತ್ತು ದಿನ, ದಿನಕ್ಕೆರಡು ಹೊತ್ತು, 38 ಚೀಟಿ. ಎಲ್ಲವನ್ನೂ ಬಿಸ್ಕತ್ತಿನ ಡಬ್ಬದಲ್ಲಿ ಹಾಕಿ, ಮಾದಪ್ಪನ ಫೋಟೋದ ಕೆಳಗಿಟ್ಟು, ದಿನಾ ಅರಿಶಿನ ಕುಂಕುಮ ಏರಿಸಿ, ಬಟವಾಡೆಗೆ ಕಾಯುತ್ತಿದ್ದಳು. "ನಿನ್ ಖಾತೆಗ ಬಿದ್ದಿರ್ಬೇಕು, ನೋಡು" ಅಂದಳು. ನಾನು, ದೇವರಾಣೆಗೂ, ಒಂದು ಗಳಿಗೆ ಫೋನ್ ತೆಗೆದು ಖಾತೆ ನೋಡಿದೆ.

38ರಲ್ಲಿ ಒಂದು ಚೀಟಿ ಲೆಕ್ಕಕ್ಕೆ ಸಿಗಲಿಲ್ಲ. ಯಂತ್ರದಲ್ಲಿ ದಾನಕ್ಕೆಂದು ಒಂದು ಗುಂಡಿ ಇದೆ, ಒಂದು ದಿನ ಅವ್ವ ಅದನ್ನೇ ಒತ್ತಿದ್ದಳು. ಆರೂವರೆ ಯೂರೋ ಯಾವುದೋ ಕಾಣದ ಊರಿನ ಕಾಣದ ಮಕ್ಕಳಿಗೆ ಹೋಯಿತು. ಅವತ್ತು ಅವಳು ಊಟ ಮಾಡಿರಲಿಲ್ಲ ಅಂತ ಹೆಂಡತಿ ಈಗ ನೆನಪಿಸಿಕೊಂಡಳು. ಮರುದಿನ, "ಬುಡು, ಮಾದಪ್ಪನ ಹುಂಡಿಗ ಬಿದ್ದಂಗಾಯ್ತು" ಅಂದು ಎರಡು ಚೀಲ ಹಿಡಿದು ಹೊರಟಳಂತೆ.

ಹೀಗೆ 37 ಚೀಟಿಗಳೊಡನೆ ನಾನು ನಿನ್ನೆ ಆ ಸಾಲಿನಲ್ಲಿದ್ದೆ. ಅರಿಶಿನ ಕುಡಿದ ಚೀಟಿಗಳನ್ನು ಸ್ಕ್ಯಾನರ್ ಓದಲಿಲ್ಲ. ಅಂಕಿಗಳನ್ನು ಕೈಯಲ್ಲೇ ಒತ್ತಬೇಕಾಯಿತು. ನಾಲ್ಕನೆಯದರ ಹೊತ್ತಿಗೆ ಹಿಂದಿನವರು ಉಸಿರು ಬಿಟ್ಟರು. ಒಂಬತ್ತನೆಯದಕ್ಕೆ ಕುಂಕುಮ ಕ್ಯಾಷಿಯರಿನ ಬೆರಳಿಗೆ ಹತ್ತಿತು, ಅವಳು ರಕ್ತವೆಂದು ಬೆಚ್ಚಿ ಬೆರಳು ತಿರುಗಿಸಿ ನೋಡಿಕೊಂಡಳು. ಹದಿನಾರನೆಯದಕ್ಕೆ ಪಕ್ಕದ ಗಲ್ಲೆ ತೆರೆಯಿತು, ಹದಿನಾಲ್ಕು ಜನರೂ ಅತ್ತ ಓಡಿದರು. ಆ ಓಟದಲ್ಲಿ ನಮ್ಮ ಎರಡನೇ ಮಹಡಿಯ ಅಜ್ಜಿ ಮುಂದಿದ್ದರು, ಊರುಗೋಲಿನೊಂದಿಗೆ. ಇಷ್ಟೆಲ್ಲದರ ನಡುವೆ ಅವ್ವ, ಸಂಘದ ಎಲೆಕ್ಷನ್ನಿನಲ್ಲಿ ಏಜೆಂಟ್ ಕೂತ ಹಾಗೆ ಗಲ್ಲೆಗೆ ಆತು ನಿಂತು, ಪ್ರತಿ ಚೀಟಿಯನ್ನೂ ಬೆರಳು ಮಡಚಿ ಎಣಿಸುತ್ತಿದ್ದಳು. ಮಧ್ಯೆ ಒಮ್ಮೆ ನನಗೇ, "ಬಗ್ಗು, ಸರಿಯಾಗಿ ಒತ್ತವಳಾ ನೋಡು" ಅಂದಳು.

ಪ್ಲಾಸ್ಟಿಕ್ಕು ಮತ್ತು ದೋಸೆ ಸೇರಿ 228, ಗಾಜು 17. ಒಟ್ಟು 58 ಯೂರೋ 36 ಸೆಂಟ್. ಅವ್ವನ ಬಾಯಿಲೆಕ್ಕಕ್ಕೂ ಯಂತ್ರದ ಲೆಕ್ಕಕ್ಕೂ ಒಂದು ಸೆಂಟ್ ವ್ಯತ್ಯಾಸವಿರಲಿಲ್ಲ. ಅವಳು ನೋಟುಗಳನ್ನು ಬೆಳಕಿಗೆ ಹಿಡಿದು ನೋಡಿ, ಮಡಚಿ, ಸೀರೆಯ ಸೊಂಟದ ಮಡಿಕೆಗೆ ಸಿಕ್ಕಿಸಿಕೊಂಡು, ಹತ್ತು ಯೂರೋವಿನದೊಂದನ್ನು ಮತ್ತೆ ಹೊರತೆಗೆದು ನನ್ನ ಜೇಬಿಗೆ ತುರುಕಿದಳು. "ಮಡಿಕ. ಆಗ ನೂರು ಕಮ್ಮಿ ಬುದ್ದಿತ್ತಲ್ಲ."

ಕ್ಯಾಷಿಯರ್ ಕೈ ಒರೆಸಿಕೊಳ್ಳುತ್ತಿದ್ದಳು. ಇನ್ನೇನು ಹೊರಡಬೇಕು, ಅವ್ವ ಕದಲಲಿಲ್ಲ. ಸಂಘ ಲಾಭದಲ್ಲಿದೆ, ವರ್ಷಕ್ಕೊಮ್ಮೆ ಹಾಲು ಹಾಕಿದವರಿಗೆ ಬೋನಸ್ ಇರಲೇಬೇಕು, ತಾನು ದೀಪಾವಳಿಗೆ ಇರುವುದಿಲ್ಲ, ಈಗಲೇ ಕೇಳು ಅಂದಳು. ನಾನು ಕೇಳುವುದಿಲ್ಲ ಅಂದೆ. ಟೆಸ್ಟರ್ ಕೇಳಿಯೇಬಿಟ್ಟಳು. ಚೀಟಿಗೆ ಜರ್ಮನ್ನರು ಬೋನ್ ಅನ್ನುತ್ತಾರೆ, ಬೋನಸ್ಸಿಗೆ ಬೋನುಸ್. ಕ್ಯಾಷಿಯರ್ ಮಗಳಿಗೆ ಏನೋ ಹೇಳಿದಳು, ನಕ್ಕಳು ಕೂಡ.

"ಯಾನ ಅಂದ್ಳು ಕೂಸೆ?"

"ಬೋನ್ ಮಾತ್ರ ಅಜ್ಜಿ. ಬೋನುಸ್ ಇಲ್ಲ."

"ಅಧ್ಯಕ್ಸ್ರು ಯಾರು ಅಂತ ಕೇಳು" ಅಂದಳು ಅವ್ವ.